ಮರದ ಚಮಚ ಮತ್ತು ರ‍್ಯಾಂಗ್ಲರ್ ಸಾಹೇಬರು

ಕಳೆದ ಬೇಸಿಗೆಯಲ್ಲಿ ಅಪ್ಪ ಧಾರವಾಡದಿಂದ ಇಲ್ಲಿಗೆ ಬಂದಿದ್ದರು. ಲಂಡನ್ ತೋರಿಸಿದೆ. ಟವರ್ ಬ್ರಿಜ್ ನೋಡಿ "ಛಲೋ ಐತಿ" ಅಂದರು, ರಾಜರ ಅರಮನೆ ನೋಡಿ ಅದನ್ನೂ ಹೇಳಲಿಲ್ಲ. ಮೂರನೇ ದಿನ ಚಹಾ ಕುಡಿಯುತ್ತಾ ಮೆಲ್ಲಗೆ ಕೇಳಿದರು. "ಕೇಂಬ್ರಿಜ್ ಇಲ್ಲಿಂದ ಎಷ್ಟ ದೂರ ಅಕ್ಕೈತಿ? ಪಾವಟೆ ಸಾಹೇಬರು ಕಲ್ತ ಜಾಗಾ ಒಂದ್ಸಲ ನೋಡಬೇಕಿತ್ತು."

ಧಾರವಾಡದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ಡಿ.ಸಿ. ಪಾವಟೆಯವರು ಗೋಕಾಕ ತಾಲೂಕಿನ ಮಮದಾಪುರದವರು. ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ 1920ರ ದಶಕದಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿ ಬೆಳೆಸಿದರು, ಆಮೇಲೆ ಪಂಜಾಬಿನ ರಾಜ್ಯಪಾಲರೂ ಆದರು. ಇವತ್ತಿಗೂ ವಿಶ್ವವಿದ್ಯಾಲಯ ಇರುವ ಜಾಗದ ಹೆಸರು ಪಾವಟೆ ನಗರ. ನಮ್ಮಪ್ಪ ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಸ್ತರು. ನಾನು ಬೀಜಗಣಿತದಲ್ಲಿ ನಲವತ್ತು ಮಾರ್ಕ್ಸ್ ತಂದ ದಿನ ಅವರು ಬೈಯಲಿಲ್ಲ. "ಪಾವಟೆಯವರು ಹಳ್ಳ್ಯಾಗ ಹುಟ್ಟಿ ರ‍್ಯಾಂಗ್ಲರ್ ಆದ್ರು. ನಿನಗ ಮನಿ ಮುಂದ ಸಾಲಿ ಐತಿ" ಅಂದರು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಶನಿವಾರ ಕಾರು ಹತ್ತಿದೆವು. ಜೊತೆಗೆ ನನ್ನ ಮಗಳು. ಅವಳು ಇಲ್ಲಿಯ ಬೇರೊಂದು ಯೂನಿವರ್ಸಿಟಿಯಲ್ಲಿ ಗಣಿತದ ಡಿಗ್ರಿ ಮಾಡ್ತಿದ್ದಾಳೆ. ಎರಡನೇ ವರ್ಷದ ಫಲಿತಾಂಶ ಅದೇ ವಾರ ಬಂದಿತ್ತು, ಚೆನ್ನಾಗಿರಲಿಲ್ಲ. ಗಣಿತ ಬಿಟ್ಟು ಬೇರೆ ಏನಾದರೂ ಓದ್ತೀನಿ ಅಂತ ಎರಡು ರಾತ್ರಿ ಅತ್ತಿದ್ದಳು. ಅಜ್ಜನಿಗೆ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಇರಲಿ, ಮೊದಲು ಈ ರ‍್ಯಾಂಗ್ಲರ್ ಅಂದ್ರೆ ಏನು ಅನ್ನೋದನ್ನ ನೋಡೋಣ. ಆ ಪದದ ನೇರ ಅರ್ಥ ವಾದಕ್ಕೆ ನಿಲ್ಲುವವನು, ಜಗಳಗಂಟ ಅಂದರೂ ತಪ್ಪಿಲ್ಲ! ಹಿಂದೆ ಕೇಂಬ್ರಿಜ್‌ನಲ್ಲಿ ಡಿಗ್ರಿ ಬೇಕೆಂದರೆ ಲ್ಯಾಟಿನ್ ಭಾಷೆಯಲ್ಲಿ ಎಲ್ಲರೆದುರು ವಾದ ಮಾಡಿ ಗೆಲ್ಲಬೇಕಿತ್ತು. ಆ ವಾದದ ವೇಳೆ ಒಬ್ಬ ಹಳೆಯ ಪದವೀಧರ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಕುಚೋದ್ಯದ ಪ್ರಶ್ನೆ ಕೇಳ್ತಿದ್ದ. ಆ ಸ್ಟೂಲಿನಿಂದಲೇ ಪರೀಕ್ಷೆಗೆ 'ಟ್ರೈಪಾಸ್' ಅನ್ನೋ ಹೆಸರು ಬಂತು. ಹದಿನೆಂಟನೇ ಶತಮಾನದಲ್ಲಿ ಬಾಯಿಮಾತಿನ ವಾದ ಹಿಂದೆ ಸರಿದು ಕಾಗದದ ಮೇಲಿನ ಗಣಿತ ಮುಂದೆ ಬಂತು. ಆ ಶತಮಾನದ ನಡುವಿನಿಂದ ಪಾಸಾದವರ ಪಟ್ಟಿಯನ್ನು ರ‍್ಯಾಂಕಿನ ಪ್ರಕಾರ ಅಚ್ಚು ಹಾಕತೊಡಗಿದರು. ಮೊದಲ ದರ್ಜೆಯವರು ರ‍್ಯಾಂಗ್ಲರ್‌ಗಳು, ಅವರಲ್ಲಿ ಮೊದಲನೆಯವನು ಸೀನಿಯರ್ ರ‍್ಯಾಂಗ್ಲರ್. ಎರಡನೇ ದರ್ಜೆಯವರು ಸೀನಿಯರ್ ಆಪ್ಟಿಮೆ, ಮೂರನೆಯವರು ಜೂನಿಯರ್ ಆಪ್ಟಿಮೆ.

ಪರೀಕ್ಷೆ ಎಂಥದ್ದು ಅಂತೀರಿ? 1854ರಲ್ಲಿ ಎಂಟು ದಿನ, ಹದಿನಾರು ಪೇಪರು, ಒಟ್ಟು 211 ಪ್ರಶ್ನೆ, ನಲವತ್ನಾಲ್ಕೂವರೆ ತಾಸು ಬರೆಯುವುದು. ಅದೂ ಜನವರಿಯ ಚಳಿಯಲ್ಲಿ, ಸೆನೆಟ್ ಹೌಸ್ ಎಂಬ ಕಲ್ಲಿನ ಕಟ್ಟಡದಲ್ಲಿ. ಫ್ರಾನ್ಸಿಸ್ ಗಾಲ್ಟನ್ 1869ರ ತನ್ನ ಪುಸ್ತಕದಲ್ಲಿ ಒಂದು ವರ್ಷದ ಮಾರ್ಕ್ಸುಗಳನ್ನು ಕೊಟ್ಟಿದ್ದಾನೆ. ಒಟ್ಟು 17,000ಕ್ಕೆ ಮೊದಲನೆಯವನಿಗೆ 7,634, ಎರಡನೆಯವನಿಗೆ 4,123, ಕೊನೆಯವನಿಗೆ 237. ಕಾರಿನಲ್ಲಿ ಇದನ್ನು ಹೇಳಿದಾಗ ಅಪ್ಪ ಬಾಯಿಲೆಕ್ಕ ಮಾಡಿದರು. "ನೂರಕ್ಕ ನಲವತ್ತೈದು! ಅಂದ್ರ ಇಡೀ ಕೇಂಬ್ರಿಜ್‌ಗೆ ಫಸ್ಟ್ ಬಂದಾವ ನಮ್ಮ ಕಡೆ ಸೆಕೆಂಡ್ ಕ್ಲಾಸಿಗೇ ಒದ್ದಾಡತಿದ್ದ ನೋಡು." ಮಗಳು ಹಿಂದಿನ ಸೀಟಿನಲ್ಲಿ ಮೊದಲ ಬಾರಿ ನಕ್ಕಳು.

ಇಂಥ ಪರೀಕ್ಷೆ ಇದ್ದ ಮೇಲೆ ಟ್ಯೂಶನ್ ಇರದೆ ಇರುತ್ತದೆಯೇ? ಟ್ಯೂಶನ್ ನಮ್ಮ ದೇಶದ ರೋಗ ಅಂದ್ಕೊಂಡಿದ್ದೆ ನಾನು. ಕೇಂಬ್ರಿಜ್‌ನಲ್ಲಿ ಪ್ರೊಫೆಸರರ ಪಾಠಕ್ಕಿಂತ ಖಾಸಗಿ ಕೋಚ್‌ಗಳ ಪಾಠಕ್ಕೇ ಬೆಲೆ ಇತ್ತು. ವಿಲಿಯಂ ಹಾಪ್ಕಿನ್ಸ್ ಎಂಬ ಕೋಚ್‌ಗೆ 'ಸೀನಿಯರ್ ರ‍್ಯಾಂಗ್ಲರ್ ತಯಾರಿಸುವವನು' ಅಂತಲೇ ಹೆಸರು. ಸ್ಟೋಕ್ಸ್, ಕೇಲಿ, ಕೆಲ್ವಿನ್, ಮ್ಯಾಕ್ಸ್‌ವೆಲ್ ಎಲ್ಲರೂ ಅವನ ಹತ್ತಿರ ಕಲಿತವರೇ. ಅವನ ನಂತರ ಬಂದ ಎಡ್ವರ್ಡ್ ರೌತ್ ಇಪ್ಪತ್ತೈದಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರ್‌ಗಳನ್ನು ತಯಾರು ಮಾಡಿದ.

ಆದರೆ ರ‍್ಯಾಂಕ್ ಪಟ್ಟಿ ಮತ್ತು ಇತಿಹಾಸ ಯಾವಾಗಲೂ ಒಂದೇ ಮಾತು ಆಡೋದಿಲ್ಲ. 1845ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಮೊದಲಿಗರಾಗುವುದು ಖಚಿತ ಅಂತ ಎಲ್ಲರೂ ನಂಬಿದ್ದರು. ಸೆಕೆಂಡ್ ಯಾರು ಅಂತ ನೋಡಿ ಬಾ ಎಂದು ಆಳನ್ನು ಕಳಿಸಿದರಂತೆ, ಅವನು ವಾಪಸ್ ಬಂದು "ನೀವೇ ಸ್ವಾಮಿ" ಅಂದನಂತೆ. ಕತೆ ನಿಜವೋ ಕಟ್ಟಿದ್ದೋ, ಕೆಲ್ವಿನ್ ಎರಡನೆಯವರಾದದ್ದಂತೂ ನಿಜ. 1854ರಲ್ಲಿ ಮೊದಲು ಬಂದವನು ಅದೇ ರೌತ್, ಎರಡನೆಯವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ವಿದ್ಯುತ್ತು, ಅಯಸ್ಕಾಂತ, ಬೆಳಕು ಮೂರನ್ನೂ ಒಂದೇ ಸೂತ್ರಕ್ಕೆ ಕಟ್ಟಿದ ಮ್ಯಾಕ್ಸ್‌ವೆಲ್!

ಪರೀಕ್ಷೆಯ ಇನ್ನೊಂದು ಗುಣ ಏನೆಂದರೆ ಅದರಲ್ಲಿ ಕೇಳದ್ದನ್ನು ಯಾರೂ ಓದುತ್ತಿರಲಿಲ್ಲ. ನ್ಯೂಟನ್ ನಮ್ಮವನು ಎಂಬ ಅಭಿಮಾನದಿಂದ ಕೇಂಬ್ರಿಜ್‌ನವರು ಕ್ಯಾಲ್ಕುಲಸ್‌ನಲ್ಲಿ ಅವನ ಚುಕ್ಕಿಗಳನ್ನೇ ಹಿಡಿದು ಕೂತಿದ್ದರು. ಅಷ್ಟರಲ್ಲಿ ಯುರೋಪಿನ ಗಣಿತ ಲೈಬ್ನಿಟ್ಸ್‌ನ ಸಂಕೇತಗಳನ್ನು ಹಿಡಿದು ಎಲ್ಲೋ ಮುಂದೆ ಹೋಗಿತ್ತು. 1812ರಲ್ಲಿ ಬ್ಯಾಬೇಜ್, ಹರ್ಶೆಲ್, ಪೀಕಾಕ್ ಮುಂತಾದ ಹುಡುಗರು ಸೇರಿ ಒಂದು ಸಂಘ ಕಟ್ಟಿದರು. ಆದರೆ ನಿಜವಾದ ಬದಲಾವಣೆಗೆ ದಾರಿಯಾದದ್ದು 1817ರಲ್ಲಿ. ಪೀಕಾಕ್ ಪರೀಕ್ಷಕನಾಗಿ ಹೊಸ ಸಂಕೇತವನ್ನು ಪ್ರಶ್ನೆಪತ್ರಿಕೆಯಲ್ಲೇ ಹಾಕಿಬಿಟ್ಟ. ಪೇಪರಿನಲ್ಲಿ ಬಂದ ಮೇಲೆ ಓದದೆ ಏನು ಮಾಡ್ತಾರೆ!

ಸೆನೆಟ್ ಹೌಸ್ ಮುಂದಿನ ಹುಲ್ಲುಹಾಸಿನ ಹತ್ತಿರ ನಿಂತಾಗ ಮಗಳು ಅಜ್ಜನಿಗೆ ಫಿಲಿಪಾ ಫಾಸೆಟ್ ಕತೆ ಹೇಳಿದಳು. ಅವಳ ತಂದೆ ಹೆನ್ರಿ ಫಾಸೆಟ್ 1856ರಲ್ಲಿ ಏಳನೇ ರ‍್ಯಾಂಗ್ಲರ್ ಆದವರು. ಬೇಟೆಯಲ್ಲಿ ಗುಂಡು ತಗುಲಿ ಎರಡೂ ಕಣ್ಣು ಕಳಕೊಂಡರೂ ಪ್ರೊಫೆಸರ್ ಆಗಿ, ಪಾರ್ಲಿಮೆಂಟಿಗೆ ಹೋಗಿ, ಹಿಂದುಸ್ತಾನದ ಹಣಕಾಸಿನ ಬಗ್ಗೆ ಎಷ್ಟು ವಾದಿಸಿದರೆಂದರೆ ಅವರನ್ನು 'ಇಂಡಿಯಾದ ಮೆಂಬರು' ಅಂತಲೇ ಕರೀತಿದ್ರು. ಅವರ ಮಗಳು 1890ರಲ್ಲಿ ಪರೀಕ್ಷೆ ಬರೆದಳು. ಹೆಂಗಸರಿಗೆ ರ‍್ಯಾಂಕ್ ಕೊಡುವ ಹಾಗಿರಲಿಲ್ಲ. ಗಂಡಸರ ಪಟ್ಟಿ ಓದಿದ ಮೇಲೆ, ಈಕೆಯ ಜಾಗ ಯಾರ ಹತ್ತಿರ ಬರುತ್ತದೆ ಅಂತ ಮಾತ್ರ ಹೇಳ್ತಿದ್ರು. ಆ ದಿನ ಓದಿದ್ದು 'ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ' ಎಂದು. ಸಭೆ ಕೇಕೆ ಹಾಕಿತು. ಆದರೆ ಡಿಗ್ರಿ? ಕೊಡಲಿಲ್ಲ. 1897ರಲ್ಲಿ ಹೆಂಗಸರಿಗೆ ಡಿಗ್ರಿ ಕೊಡುವ ಬಗ್ಗೆ ಮತಕ್ಕೆ ಹಾಕಿದಾಗ, ಇದೇ ಜಾಗದ ಎದುರು ಸೈಕಲ್ ಮೇಲೆ ಕೂತ ಹೆಣ್ಣಿನ ಗೊಂಬೆಯೊಂದನ್ನು ನೇತುಹಾಕಿ ಗೇಲಿ ಮಾಡಿದರು. ಪ್ರಸ್ತಾವ ಬಿದ್ದುಹೋಯಿತು. ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಡಿಗ್ರಿ ಕೊಡತೊಡಗಿದ್ದು 1948ರಲ್ಲಿ. ಫಿಲಿಪಾ ತೀರಿಕೊಂಡದ್ದೂ ಅದೇ ವರ್ಷ.

ನಮ್ಮವರೂ ಇಲ್ಲಿಗೆ ಬಂದರು. ಬಂಗಾಳದ ಆನಂದ ಮೋಹನ್ ಬೋಸ್ 1874ರಲ್ಲಿ ರ‍್ಯಾಂಗ್ಲರ್ ಆದ ಮೊದಲ ಭಾರತೀಯ. ರತ್ನಾಗಿರಿ ಜಿಲ್ಲೆಯ ಹಳ್ಳಿಯಿಂದ ಬಂದ ಆರ್.ಪಿ. ಪರಾಂಜಪೆ 1899ರಲ್ಲಿ ಸೀನಿಯರ್ ರ‍್ಯಾಂಗ್ಲರ್ ಸ್ಥಾನವನ್ನು ಇನ್ನೊಬ್ಬನ ಜೊತೆ ಹಂಚಿಕೊಂಡರು. ಆಳುವವರ ಪರೀಕ್ಷೆಯಲ್ಲಿ, ಆಳುವವರ ಭಾಷೆಯಲ್ಲಿ, ಅವರದೇ ಊರಿನಲ್ಲಿ ಮೊದಲಿಗರಾದದ್ದು. ಧಾರವಾಡ ಆಗ ಮುಂಬೈ ಪ್ರಾಂತದಲ್ಲೇ ಇತ್ತಲ್ಲ, 'ರ‍್ಯಾಂಗ್ಲರ್' ಎಂಬ ಪದ ನಮ್ಮ ಕಡೆ ಹೆಸರಿನ ಹಿಂದೆ ಬಿರುದಿನಂತೆ ಅಂಟಿಕೊಂಡದ್ದು ಯಾಕೆ ಅಂತ ಆಗ ಅರ್ಥವಾಗ್ತದೆ.

ಇನ್ನು ಚಮಚದ ಕತೆ. ಪಟ್ಟಿಯ ಕೊನೆಯಲ್ಲಿ ಬಂದವನಿಗೆ ಹುಡುಗರು ಒಂದು ದೊಡ್ಡ ಮರದ ಚಮಚ ಕೊಡ್ತಿದ್ರು. ಅವನು ಡಿಗ್ರಿ ತಗೊಳ್ಳೋಕೆ ಮಂಡಿಯೂರಿ ಕೂತಾಗ ಮೇಲಿನ ಗ್ಯಾಲರಿಯಿಂದ ಹಗ್ಗ ಕಟ್ಟಿ ಅದನ್ನು ಅವನ ತಲೆಯ ಮೇಲೆ ಇಳಿಬಿಡೋದು! ತಮಾಷೆ ಅಂದರೆ, ಅವನೇನೂ ಫೇಲಾದವನಲ್ಲ. ಆನರ್ಸ್ ಪಾಸು ಮಾಡಿದವನೇ. ಆನರ್ಸ್ ಗೋಜಿಗೇ ಹೋಗದೆ ಸಾದಾ ಡಿಗ್ರಿ ತಗೊಂಡವರು ಅವನಿಗಿಂತ ಕೆಳಗೆ ಎಷ್ಟೋ ಜನ. ಅವರನ್ನು ಯಾರೂ ನಗ್ತಿರಲಿಲ್ಲ. ಕೊನೆಯ ಚಮಚ 1909ರದ್ದು, ಸೇಂಟ್ ಜಾನ್ಸ್ ಕಾಲೇಜಿನ ದೋಣಿ ಹುಟ್ಟುಹಾಕುವ ಹುಡುಗನೊಬ್ಬನಿಗೆ ಸಿಕ್ಕಿತು. ಒಂದು ಮೀಟರಿಗಿಂತ ಉದ್ದ, ದೋಣಿಯ ಹುಟ್ಟಿನ ಆಕಾರ, ಮೇಲೆ ಗ್ರೀಕ್ ಬರಹ.

ಕೊನೆಯದು ಯಾಕೆಂದರೆ ಆ ವರ್ಷದ ನಂತರ ರ‍್ಯಾಂಕ್ ಪ್ರಕಟಿಸುವುದನ್ನೇ ನಿಲ್ಲಿಸಿದರು. 1910ರಿಂದ ಪ್ರತಿ ದರ್ಜೆಯೊಳಗೂ ಹೆಸರುಗಳು ಅಕಾರಾದಿಯಾಗಿ ಬಂದವು. ಇದಕ್ಕಾಗಿ ಹೋರಾಡಿದವರಲ್ಲಿ ಜಿ.ಎಚ್. ಹಾರ್ಡಿ ಒಬ್ಬರು. ಸ್ವತಃ ನಾಲ್ಕನೇ ರ‍್ಯಾಂಗ್ಲರ್, ಆದರೂ ಈ ಪರೀಕ್ಷೆ ಇಂಗ್ಲೆಂಡಿನ ಗಣಿತವನ್ನೇ ಹಾಳು ಮಾಡಿದೆ ಅಂತ ನಂಬಿದ್ದರು. ಅದೇ ಹಾರ್ಡಿ 1914ರಲ್ಲಿ ಕುಂಭಕೋಣದ ಒಬ್ಬ ಗುಮಾಸ್ತನನ್ನು ಇಲ್ಲಿಗೆ ಕರೆಸಿಕೊಂಡರು. ಬೇರೆ ವಿಷಯಗಳಲ್ಲಿ ನಪಾಸಾಗಿ ಕಾಲೇಜು ಡಿಗ್ರಿಯೇ ಇಲ್ಲದ ಶ್ರೀನಿವಾಸ ರಾಮಾನುಜನ್ ಟ್ರೈಪಾಸ್ ಬರೆಯಲೇ ಇಲ್ಲ. 1916ರಲ್ಲಿ ಸಂಶೋಧನೆಯ ಮೇಲೆಯೇ ಬಿ.ಎ. ಪಡೆದರು.

ಇಷ್ಟು ಹೇಳೋ ಹೊತ್ತಿಗೆ ನಾವು ಸಿಡ್ನಿ ಸಸೆಕ್ಸ್ ಕಾಲೇಜಿನ ಬಾಗಿಲಿಗೆ ಬಂದಿದ್ದೆವು. ಅಪ್ಪ ಚಪ್ಪಲಿ ಬಿಡಲು ಹೋದರು, ನಾನು ಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿದರು.

"ಹಂಗಾದ್ರ ಪಾವಟೆ ಸಾಹೇಬರದು ಎಷ್ಟನೇ ರ‍್ಯಾಂಕು?"

"ಅವರ ಕಾಲಕ್ಕೆ ರ‍್ಯಾಂಕ್ ಹೇಳೋದನ್ನ ಬಿಟ್ಟಿದ್ರು ಅಪ್ಪಾ. ರ‍್ಯಾಂಗ್ಲರ್ ಅಂದ್ರೆ ಫಸ್ಟ್ ಕ್ಲಾಸು, ಅಷ್ಟೆ."

"ಐವತ್ತು ವರ್ಷ ಆತು, ನಾ ಅವರು ಇಡೀ ಇಂಗ್ಲೆಂಡಿಗೇ ಫಸ್ಟ್ ಅಂತ ತಿಳ್ಕೊಂಡಿದ್ದೆ" ಅಂದರು. ಬೇಸರವಾದಂತೆ ಕಾಣಲಿಲ್ಲ. ಬೆಂಚಿನ ಮೇಲೆ ಕೂತರು. ಆಮೇಲೆ ನನಗಲ್ಲ, ಮೊಮ್ಮಗಳಿಗೆ ಹೇಳಿದರು. "ನಾ ಸಾಲ್ಯಾಗ ಮಾರ್ಕ್ಸ್ ಓದುವಾಗ ಫಸ್ಟ್ ಬಂದವನಿಂದ ಸುರು ಮಾಡತಿದ್ದೆ ಯವ್ವಾ. ಕಡೀ ಹುಡುಗನ್ನ ಎದ್ದ ನಿಲ್ಲಸತಿದ್ದೆ. ಚಮಚಾ ಒಂದ ಕೊಡಲಿಲ್ಲ. ಅವರದೊಬ್ಬರ ಹೆಸರೂ ಈಗ ನೆನಪಿಲ್ಲ ನನಗ."

ಮಗಳು ಅಜ್ಜನ ಪಕ್ಕದಲ್ಲಿ ಕೂತಳು. ನಾನು ಕಾಫಿ ತರ್ತೀನಿ ಅಂತ ನೆಪ ಮಾಡಿ ಆ ಕಡೆ ಹೋದೆ. ವಾಪಸ್ ಬಂದಾಗ ಅವಳ ಮೊಬೈಲಿನಲ್ಲಿ ಯಾವುದೋ ಪ್ರಶ್ನೆಪತ್ರಿಕೆ ತೆರೆದಿತ್ತು, ಅಪ್ಪ ಕನ್ನಡಕ ಹಣೆಗೇರಿಸಿ ನನ್ನ ಪಾರ್ಕಿಂಗ್ ಚೀಟಿಯ ಹಿಂದೆ ಏನೋ ಗೀಚುತ್ತಿದ್ದರು. "ಇದು ನಂಗೂ ಬರೂದಿಲ್ಲ ಬಿಡು" ಅಂದರು, ಆದರೆ ಪೆನ್ನು ಕೆಳಗಿಡಲಿಲ್ಲ. ಅವಳು ಮಾರ್ಕ್ಸಿನ ವಿಷಯ ಹೇಳಿಯೇಬಿಟ್ಟಿದ್ದಾಳೆ ಅಂತ ಗೊತ್ತಾಯಿತು.

ಸೆಪ್ಟೆಂಬರಿನಲ್ಲಿ ಮೂರನೇ ವರ್ಷಕ್ಕೆ ಸೇರಿದಳು. ಗಣಿತಕ್ಕೇ. ಆ ಚೀಟಿಯನ್ನು ಅಪ್ಪ ಧಾರವಾಡಕ್ಕೆ ತಗೊಂಡು ಹೋಗಿದ್ದಾರೆ, ಲೆಕ್ಕ ಇನ್ನೂ ಬಿಟ್ಟಿಲ್ಲವಂತೆ.