ಮುಪ್ಪು ಮತ್ತು ಮರೆವು: ಒಂದು ರೋಗನಾಮದ ಇತಿಹಾಸ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ವಯಸ್ಸಾದಂತೆ ಬುದ್ಧಿ ಮಂಕಾಗುವುದು ಪ್ರಕೃತಿಸಹಜವೆಂಬ ನಂಬಿಕೆ ಈ ಮಾತಿನಲ್ಲಿ ಅಡಗಿದೆ. ಇದು ನಮ್ಮ ನಾಡಿಗಷ್ಟೇ ಸೀಮಿತವಾದುದಲ್ಲ. ಯೂರೋಪಿನ ವೈದ್ಯಶಾಸ್ತ್ರವೂ ಬಹುಕಾಲ ಇದನ್ನೇ ಹಿಡಿದು ನಡೆಯಿತು. ಮುಪ್ಪಿನ ಮರೆವು ಸಹಜಧರ್ಮವೋ ರೋಗವೋ ಎಂಬ ಪ್ರಶ್ನೆಗೆ ಉತ್ತರ ಬದಲಾದ ಬಗೆಯನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಬಯಸುತ್ತೇವೆ.

1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಹೆಸರೇನೆಂದು ಕೇಳಿದರೆ ‘ಆಗಸ್ಟೆ’ ಎಂದಳು. ಗಂಡನ ಹೆಸರೇನೆಂದು ಕೇಳಿದಾಗಲೂ ಅದನ್ನೇ ಹೇಳಿದಳು. ಈ ಪ್ರಶ್ನೋತ್ತರಗಳನ್ನು ಬರೆದಿಟ್ಟವರು ವೈದ್ಯ ಅಲೋಯಿಸ್ ಆಲ್ಝೈಮರ್. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಳು. ಅಷ್ಟರಲ್ಲಿ ಮ್ಯೂನಿಕ್ ನಗರಕ್ಕೆ ಹೋಗಿದ್ದ ಆಲ್ಝೈಮರ್ ಆಕೆಯ ಮಿದುಳನ್ನು ತರಿಸಿಕೊಂಡು, ಬೆಳ್ಳಿಯ ಲವಣದಿಂದ ಬಣ್ಣಗೊಳಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮಿದುಳು ಕುಗ್ಗಿತ್ತು, ನರಕೋಶಗಳ ಒಳಗೆ ಸಿಕ್ಕುಬಿದ್ದ ತಂತುಗಳೂ ಕೋಶಗಳ ನಡುವೆ ಮಚ್ಚೆಗಳಂತಹ ಸಂಚಯಗಳೂ ಕಂಡುಬಂದವು. 1906ರ ನವೆಂಬರ್ 3ರಂದು ಟ್ಯೂಬಿಂಗೆನ್ನಿನ ಸಭೆಯಲ್ಲಿ ಅವರು ಇದನ್ನು ವಿವರಿಸಿದಾಗ ಸಭಿಕರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಮನೋವೈದ್ಯಕೀಯ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರರ ಹೆಸರನ್ನಿತ್ತರು. ಇದರಿಂದ ಒಂದು ವಿಚಿತ್ರ ಪರಿಣಾಮವುಂಟಾಯಿತು. ನಡುವಯಸ್ಸಿನವರಿಗೆ ಬುದ್ಧಿಕ್ಷಯ ತಗುಲಿದರೆ ಅದು ಆಲ್ಝೈಮರ್ ರೋಗ. ಎಪ್ಪತ್ತು ದಾಟಿದವರಿಗೆ ಬಂದರೆ ಬರಿಯ ಮುಪ್ಪು! ಆದರೆ ಪ್ರಾಗ್ ನಗರದ ಆಸ್ಕರ್ ಫಿಷರ್ 1907ರಲ್ಲಿಯೇ ವೃದ್ಧ ರೋಗಿಗಳ ಮಿದುಳಿನಲ್ಲಿ ಇಂತಹವೇ ಮಚ್ಚೆಗಳನ್ನು ವರ್ಣಿಸಿದ್ದರು. ಸಾಕ್ಷ್ಯ ಇದ್ದಿತು, ಅದನ್ನು ಕಾಣುವ ದೃಷ್ಟಿ ಇರಲಿಲ್ಲ. ವರ್ಗೀಕರಣವೊಂದು ಒಮ್ಮೆ ಗ್ರಂಥಸ್ಥವಾದರೆ ಅದೇ ಸತ್ಯವೆನಿಸಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಗೋಡೆ ಬೀಳಲು ಅರ್ಧಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1968ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ ಬ್ಲೆಸ್ಡ್, ಟಾಮ್ಲಿನ್ಸನ್ ಮತ್ತು ರಾತ್ ಎಂಬ ಮೂವರು, ವೃದ್ಧರ ಮಿದುಳಿನಲ್ಲಿ ಮಚ್ಚೆಗಳು ಹೆಚ್ಚಿದಷ್ಟೂ ಜೀವಿತಕಾಲದ ಬುದ್ಧಿಕ್ಷಯವೂ ಹೆಚ್ಚಾಗಿದ್ದಿತೆಂದು ತೋರಿಸಿದರು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಸ್‌ಮನ್ ಎರಡೂ ಒಂದೇ ರೋಗವೆಂದು ವಾದಿಸಿದರು. ವಿರಳವೆನಿಸಿದ್ದ ವ್ಯಾಧಿ ಅಂದಿನಿಂದ ಸರ್ವಸಾಮಾನ್ಯವೆನಿಸಿತು. ಬದಲಾದುದು ರೋಗವಲ್ಲ, ಅದರ ಎಣಿಕೆ.

ಹಾಗೆಂದು ಮುಪ್ಪಿನ ಮರೆವೆಲ್ಲವೂ ರೋಗವೆಂದು ಭಾವಿಸಕೂಡದು. ವಯಸ್ಸಾದಂತೆ ಮಿದುಳಿನ ಗಾತ್ರ ತುಸು ಕುಗ್ಗುತ್ತದೆ. ಹೆಸರುಗಳು ತಡವಾಗಿ ನೆನಪಾಗುತ್ತವೆ. ಹೊಸದನ್ನು ಕಲಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ಆದರೆ ಶಬ್ದಸಂಪತ್ತು ಬಹುಮಟ್ಟಿಗೆ ಉಳಿಯುತ್ತದೆ. ಬೇಂದ್ರೆಯವರು ಅರವತ್ತು ದಾಟಿದ ಮೇಲೆ, 1958ರಲ್ಲಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕವನಸಂಕಲನದ ಹೆಸರೇ ‘ಅರಳು ಮರಳು’ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಕನ್ನಡಕವನ್ನು ಎಲ್ಲಿಟ್ಟೆವೆಂದು ಮರೆಯುವುದು ಬೇರೆ. ಕನ್ನಡಕವೇತಕ್ಕೆಂದು ಮರೆಯುವುದು ಬೇರೆ.

ಮುಪ್ಪಿನ ಇತರ ನರವ್ಯಾಧಿಗಳ ಚರಿತ್ರೆಯೂ ಇಂತಹುದೇ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ನಡುಕವನ್ನು ಗಮನಿಸಿ, ಅದೊಂದು ಪ್ರತ್ಯೇಕ ರೋಗವೆಂದು ಬರೆದರು. ಅದರ ಹಿಂದೆ ಡೋಪಮಿನ್ ಎಂಬ ರಾಸಾಯನಿಕದ ಕೊರತೆಯಿದೆಯೆಂಬುದು ತಿಳಿದುದು 1960ರ ಸುಮಾರಿನಲ್ಲಿ. ಅದರ ಬೆನ್ನಲ್ಲೇ ಲೆವೊಡೋಪ ಔಷಧ ಬಂದಿತು.

ಆಲ್ಝೈಮರ್ ರೋಗವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಥೈರಾಯ್ಡ್ ದೋಷ, ಬಿ 12 ಜೀವಸತ್ವದ ಕೊರತೆ ಮೊದಲಾದ ಚಿಕಿತ್ಸಾಸಾಧ್ಯ ಕಾರಣಗಳಿಂದಲೂ ಬುದ್ಧಿ ಮಂಕಾಗಬಹುದು. ವಯಸ್ಸಾಯಿತೆಂದು ಸುಮ್ಮನಿರುವ ಮನೆಯಲ್ಲಿ ಇಂತಹವರೂ ಚಿಕಿತ್ಸೆಯಿಲ್ಲದೆ ಉಳಿಯುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹಿರಿಯರು ಹೇಳುವುದುಂಟು. ಈ ಒಂದು ಗಾದೆಯನ್ನಾದರೂ ಪರೀಕ್ಷಿಸದೆ ಒಪ್ಪಲಾಗದೆಂಬುದೇ ಈ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ.