ಗಾಳಿಪಟದ ಆಂಟೆನಾ, ಮೂರು ಚುಕ್ಕೆ

ಹ್ಯಾಮ್ ರೇಡಿಯೋ ಹಿಡ್ಕೊಂಡು ಬೆಟ್ಟಕ್ಕೆ ಹೋದಾಗ ಮನೆಯಲ್ಲೇ ಮಾಡಿದ ತಂತಿ ಆಂಟೆನಾ ಗಾಳಿಗೆ ತೂಗಾಡಿ ಟ್ಯೂನಿಂಗ್ ಕೆಡುತ್ತೆ. ಆಗೆಲ್ಲ ನಂಗೆ ಮಾರ್ಕೋನಿ ನೆನಪಾಗ್ತಾನೆ. ಅವನಿಗೂ ಇದೇ ಕಾಟ!

ಅಟ್ಲಾಂಟಿಕ್ ಆಚೆಗೆ ಸಂಕೇತ ಕಳಿಸೋಕೆ ಇಂಗ್ಲೆಂಡಿನ ಪೋಲ್ಡುವಿನಲ್ಲಿ 200 ಅಡಿಯ 20 ಕಂಬ ನಿಲ್ಲಿಸಿದ್ದ. 1901ರ ಸೆಪ್ಟೆಂಬರಿನ ಬಿರುಗಾಳಿಗೆ ಅವು ನೆಲ ಕಚ್ಚಿದವು. ಅಮೆರಿಕದ ಕೇಪ್ ಕಾಡ್‌ನಲ್ಲಿ ಕಟ್ಟಿದ್ದೂ ನವೆಂಬರಿನಲ್ಲಿ ಬಿತ್ತು. ಪೋಲ್ಡುವಿನಲ್ಲಿ ತಾತ್ಕಾಲಿಕ ಆಂಟೆನಾ ಕಟ್ಟಿಸಿ, ತಾನು ಬಲೂನು, ಗಾಳಿಪಟ ಹೊತ್ತು ನ್ಯೂಫೌಂಡ್‌ಲ್ಯಾಂಡಿಗೆ ಹೊರಟ.

ಡಿಸೆಂಬರ್ 12ರಂದು ಸಿಗ್ನಲ್ ಹಿಲ್ ಗುಡ್ಡದಿಂದ ಸುಮಾರು 500 ಅಡಿ ತಂತಿ ಕಟ್ಟಿದ ಗಾಳಿಪಟ ಹಾರಿತು. ಅದು ಏರಿಳಿದಂತೆಲ್ಲ ತಂತಿಗೂ ನೆಲಕ್ಕೂ ನಡುವಿನ ಕೆಪಾಸಿಟೆನ್ಸ್ ಬದಲಾಗುತ್ತೆ ನೋಡಿ, ಟ್ಯೂನ್ ಮಾಡಿದ ರಿಸೀವರ್ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಟ್ಯೂನಿಂಗೇ ಇಲ್ಲದ ರಿಸೀವರ್, ಪಾದರಸದ ಕೊಹಿರರ್ (ನಮ್ಮ ಜಗದೀಶಚಂದ್ರ ಬೋಸ್ 1899ರಲ್ಲೇ ಇಂಥದ್ದನ್ನು ವಿವರಿಸಿದ್ದರು), ಕಿವಿಗೊಂದು ಟೆಲಿಫೋನ್. ಮಧ್ಯಾಹ್ನ ಹನ್ನೆರಡೂವರೆಗೆ ಟಿಕ್ ಟಿಕ್ ಟಿಕ್... ಮೋರ್ಸ್‌ನ ಎಸ್ ಅಕ್ಷರ!

ಎಡವಟ್ಟಾಗಿದ್ದು ಇಲ್ಲೇ. ಕಾಗದದ ಪಟ್ಟಿಯ ಮೇಲೆ ದಾಖಲಿಸೋ ಯಂತ್ರ ಬಿಟ್ಟು ಕಿವಿಯನ್ನು ನಂಬಿದ್ದರಿಂದ ಸಾಕ್ಷಿ ಅಂತ ಉಳಿದಿದ್ದು ಅವನು, ಸಹಾಯಕ ಕೆಂಪ್ ಇಬ್ಬರೇ. ಅದು ದೂರದ ಮಿಂಚಿನ ಗರಗರ ಇರಬಹುದು ಅಂತ ವಾದಿಸೋರು ಇವತ್ತಿಗೂ ಇದ್ದಾರೆ. ನಂಗೂ ಅನುಮಾನವೇ :)

1902ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಹಡಗು ಹತ್ತಿದಾಗ ಮಾರ್ಕೋನಿ ಟ್ಯೂನ್ ಮಾಡಿದ ರಿಸೀವರ್, ಕಾಗದದ ಪಟ್ಟಿ ಎರಡನ್ನೂ ಒಯ್ದ. ಪೋಲ್ಡುವಿನ ಸಂಕೇತ ಹಗಲಲ್ಲಿ ಸಿಕ್ಕಿದ್ದು ಸುಮಾರು 700 ಮೈಲಿವರೆಗೆ, ರಾತ್ರಿ 2,000 ದಾಟಿತು. ಸಿಗ್ನಲ್ ಹಿಲ್ ಇರೋದು ಪೋಲ್ಡುವಿನಿಂದ ಸುಮಾರು 2,100 ಮೈಲಿ ದೂರದಲ್ಲಿ, ಅಲ್ಲಿ ಕೇಳಿಸಿತು ಅಂದಿದ್ದು ಮಟಮಟ ಮಧ್ಯಾಹ್ನ.