ಅರಳುಮರಳು ಮತ್ತು ನಮ್ಮ ಗಂಗಾಳದ ಚರಿತ್ರೆ

ಕುರೆಕುಪ್ಪದ ನಮ್ಮ ಕೇರಿಯಲ್ಲಿ ಎಪ್ಪತ್ತು ದಾಟಿದವರು ಉಂಡ ಮೇಲೂ ಉಂಡಿಲ್ಲ ಅಂದ್ರೆ, ಸ್ವಂತ ಮನೆ ದಾರಿ ತಪ್ಪಿ ಯಾರದೋ ಕಟ್ಟೆ ಮೇಲೆ ಕುಂತಿದ್ರೆ, ಎಲ್ಲರ ಬಾಯಲ್ಲೂ ಒಂದೇ ಮಾತು: "ಅರವತ್ತಕ್ಕೆ ಅರಳುಮರಳು, ಬಿಡಪ್ಪ." ಈ "ಬಿಡಪ್ಪ" ಅನ್ನೋದರ ಬಗ್ಗೆಯೇ ಇವತ್ತು ಬರೀತಿದ್ದೀನಿ. ಪೋಸ್ಟ್ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮುದುಕರ ಮರೆವು ನಮ್ಮ ಹೋರಾಟಕ್ಕೆ ಏನು ಸಂಬಂಧ ಅಂತ ಕೇಳೋರಿದ್ದಾರೆ. 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿಗೆ ಬಂದು ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದಾಗ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಯಾವ ಹೊಲ ಯಾರದಿತ್ತು, ಬದು ಎಲ್ಲಿತ್ತು, ಯಾರ ಹೆಬ್ಬೆಟ್ಟು ಯಾವ ಕಾಗದಕ್ಕೆ ಬಿತ್ತು, ಇದೆಲ್ಲ ಅವರ ತಲೆಯೊಳಗಿದೆ. ಮಂಜೂರಾದ ಜಮೀನು ಕಳಕೊಂಡವರು 1978ರ ಪಿಟಿಸಿಎಲ್ ಕಾಯ್ದೆ ಹಿಡಕೊಂಡು ಎಸಿ ಆಫೀಸಿಗೆ ಹೋದರೆ ಮೊದಲು ಕೇಳೋದು ದಾಖಲೆ. ಅಕ್ಷರವೇ ಇಲ್ಲದಿದ್ದ ಮನೆಯಲ್ಲಿ ಅಜ್ಜಿಯ ನೆನಪೇ ಅರ್ಧ ದಾಖಲೆ. ಅದು ಅಳಿಸಿ ಹೋಗ್ತಿದ್ದರೆ ಅದರಲ್ಲಿ ಎಷ್ಟು ಪಾಲು ವಯಸ್ಸು, ಎಷ್ಟು ಪಾಲು ಊಟ ಅಂತ ಕೇಳೋ ಹಕ್ಕು ನಮಗಿದೆ.

ಈ ಸೀಮೆಯಲ್ಲಿ ಬಡವರ ಗಂಗಾಳ ಸರ್ಕಾರಿ ತಕ್ಕಡಿಗೆ ಬಿದ್ದದ್ದು ಧಾತು ಬರದಲ್ಲಿ, 1876–78ರಲ್ಲಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬರಕ್ಕೆ ಹೆಚ್ಚು ನುಚ್ಚಾದ ಜಿಲ್ಲೆಗಳಲ್ಲಿ ಒಂದು. ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬಂದು ಕಲ್ಲು ಒಡೆಯೋ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ ಸಾಕು ಅಂದ, ಮೇಲೆ ಪುಡಿಗಾಸು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಅದನ್ನು ವಿರೋಧಿಸಿದ. ಇಷ್ಟರಲ್ಲಿ ದುಡಿಯೋ ದೇಹ ಉಳಿಯಲ್ಲ, ಧಾನ್ಯ ಹೆಚ್ಚಬೇಕು, ಜೊತೆಗೆ ಬೇಳೆ ತರಕಾರಿಯಂಥದ್ದೂ ಬೇಕು ಅಂತ ಅವನ ವಾದ. ಆಗಿನ್ನೂ ವೈಟಮಿನ್ ಅನ್ನೋ ಪದವೇ ಹುಟ್ಟಿರಲಿಲ್ಲ. ಹೊಟ್ಟೆ ತುಂಬಿಸೋದು ಬೇರೆ, ದೇಹ ಕಾಯೋದು ಬೇರೆ ಅನ್ನೋ ಜಗಳ ಮಾತ್ರ ನಮ್ಮ ಹೊಟ್ಟೆಗಳ ಮೇಲೇ ನಡೆದಿತ್ತು.

ಬರ ಹೋಯ್ತು, ಬರೀ ಕಾಳಿನ ಊಟ ಹೋಗಲಿಲ್ಲ. ಕೂಲಿ ಅಂದರೆ ಜೋಳ. ಸಂಗಟಿ, ರೊಟ್ಟಿ, ನುಚ್ಚು, ಅಂಬಲಿ, ಎಲ್ಲವೂ ಜೋಳವೇ. ಈಗ ಸಿರಿಧಾನ್ಯ ಅಂತ ಮಾಲ್‌ನಲ್ಲಿ ಮಾರ್ತಾರಲ್ಲ, ಅದೇ. ನಾನು ಜೋಳದ ವಿರೋಧಿಯಲ್ಲ, ದಿನಾ ತಿನ್ನೋನೇ. ಆದರೆ ಬೇಳೆ, ಹಾಲು, ಬಾಡು ಏನೂ ಇಲ್ಲದೆ ವರ್ಷಾನುಗಟ್ಟಲೆ ಬರೀ ಜೋಳ ತಿಂದರೆ ಏನಾಗುತ್ತೆ ಅನ್ನೋದಕ್ಕೆ ವಿಜ್ಞಾನದಲ್ಲಿ ಒಂದು ಹೆಸರಿದೆ: ಪೆಲ್ಲಾಗ್ರ. ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತಾಗುತ್ತೆ, ಭೇದಿ ಹಿಡಿಯುತ್ತೆ, ಕೊನೆಗೆ ಬುದ್ಧಿ ಕದಡುತ್ತೆ. ಡಾಕ್ಟರರು ಇದನ್ನು ಮೂರು 'ಡಿ' ಅಂತಾರೆ. ಮೂರನೇ ಡಿ ಯಾವುದು ಗೊತ್ತಾ? ಡಿಮೆನ್ಷಿಯಾ. ಕಾರಣ ನಿಯಾಸಿನ್, ಅಂದರೆ ಬಿ3 ವೈಟಮಿನ್ ಕೊರತೆ.

ಕೂನೂರಿನಲ್ಲಿ 1918ರಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಪೌಷ್ಟಿಕತೆಯ ಪ್ರಯೋಗಾಲಯ ಇದೆಯಲ್ಲ, ಈಗಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ, ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಟಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ದಖ್ಖನ್ನಿನಲ್ಲಿ ಜೋಳ ತಿನ್ನೋ ಬಡವರಿಗೆ ಪೆಲ್ಲಾಗ್ರ ಬರ್ತಿದೆ. ಜೋಳದಲ್ಲಿ ಹೆಚ್ಚಿರೋ ಲ್ಯೂಸಿನ್ ಅನ್ನೋ ಅಂಶ ದೇಹ ನಿಯಾಸಿನ್ ತಯಾರಿಸೋದಕ್ಕೆ ಅಡ್ಡಗಾಲು ಹಾಕುತ್ತೆ ಅಂತ ಅವರ ವಿವರಣೆ. ಅದರ ಬಗ್ಗೆ ವಿಜ್ಞಾನಿಗಳಲ್ಲಿ ಆಮೇಲೆ ವಾದ ನಡೆಯಿತು. ಯಾರಿಗೆ ಬಂತು ಅನ್ನೋದರಲ್ಲಿ ವಾದವಿರಲಿಲ್ಲ. ಸಂಬಳ ಕಾಳಿನಲ್ಲಿ ತಗೊಂಡವರಿಗೆ.

ಅಮೆರಿಕದ ದಕ್ಷಿಣದಲ್ಲೂ ಇದೇ ಕಥೆ, ಧಾನ್ಯ ಮಾತ್ರ ಮೆಕ್ಕೆಜೋಳ. ಹತ್ತಿ ಹೊಲದ ಪಾಲುಗಾರರು, ಗಿರಣಿ ಕೂಲಿಗಳು, ಕಪ್ಪು ಜನ ಪೆಲ್ಲಾಗ್ರದಿಂದ ಹುಚ್ಚಾಸ್ಪತ್ರೆ ಸೇರ್ತಿದ್ದರು. ಅದು ಅಂಟುರೋಗ, ಕೊಳಕಿನಿಂದ, ಕೆಟ್ಟ ವಂಶದಿಂದ ಬರುತ್ತೆ ಅಂತ ದೊಡ್ಡವರು ಹೇಳ್ತಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ಡಾಕ್ಟರು ಅದಕ್ಕೆ ಊಟವೇ ಕಾರಣ ಅಂತ ತೋರಿಸೋಕೆ 1916ರಲ್ಲಿ ರೋಗಿಗಳ ರಕ್ತವನ್ನು ತನಗೆ, ತನ್ನ ಹೆಂಡತಿಗೆ ಚುಚ್ಚಿಸಿಕೊಂಡ. ರೋಗ ಬರಲಿಲ್ಲ. ಆದರೂ ದಕ್ಷಿಣದ ದೊಡ್ಡವರು ಸುಲಭಕ್ಕೆ ಒಪ್ಪಲಿಲ್ಲ. ಊಟ ಅಂತ ಒಪ್ಪಿದರೆ ಕೂಲಿ ಬಗ್ಗೆ ಮಾತಾಡಬೇಕಾಗುತ್ತಲ್ಲ! 1937ರಲ್ಲಿ ಎಲ್ವೆಜೆಮ್ ನಿಯಾಸಿನ್ ಗುರುತಿಸಿದ ಮೇಲೆ ಹುಚ್ಚು ಅಂತ ಕೂಡಿಹಾಕಿದ್ದ ಎಷ್ಟೋ ಜನ ಚೇತರಿಸಿಕೊಂಡು ಮನೆಗೆ ಹೋದರು.

ಅಕ್ಕಿಯದ್ದು ಇನ್ನೊಂದು ಕಥೆ. ಪಾಲಿಷ್ ಮಾಡಿದಾಗ ಬಿ1 ತೌಡಿನ ಜೊತೆ ಹೋಗುತ್ತೆ, ಬೂಸಾ ಆಗಿ ದನದ ಬಾಯಿಗೆ. 1973ರಲ್ಲಿ ಬಸವಲಿಂಗಪ್ಪನವರು ಸಾಹಿತ್ಯದ ಬಗ್ಗೆ ಆಡಿದ ಮಾತಿಗೆ ಅವರ ಕುರ್ಚಿ ಹೋಯ್ತು. ನಿಜವಾದ ಬೂಸಾದಲ್ಲಿ ಮಾತ್ರ ನಮಗೆ ಬೇಕಾದ ಸತ್ವ ಇತ್ತು ನೋಡಿ! ಹೆಂಡ ಜಾಸ್ತಿಯಾಗಿ ಊಟ ಬಿಟ್ಟವರ ನೆನಪನ್ನು ತಿನ್ನೋದೂ ಇದೇ ಬಿ1 ಕೊರತೆ. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.

ಈಗ ಮುಖ್ಯ ವಿಷಯ, ಬಿ12. ಇದನ್ನು ಗಿಡ ತಯಾರಿಸಲ್ಲ, ಪ್ರಾಣಿಯೂ ತಯಾರಿಸಲ್ಲ, ಬ್ಯಾಕ್ಟೀರಿಯಾ ತಯಾರಿಸುತ್ತೆ. ನಮಗೆ ಸಿಗೋದು ಬಾಡು, ಲಿವರ್, ಮೀನು, ಮೊಟ್ಟೆ, ಹಾಲಿನಿಂದ. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ಸಾಯೋ ಸ್ಥಿತಿಯ ರಕ್ತಹೀನತೆಯವರಿಗೆ ದಿನಾ ಲಿವರ್ ತಿನ್ನಿಸಿ ಉಳಿಸಿದರು, 1934ರಲ್ಲಿ ನೊಬೆಲ್ ಬಂತು. ನಮ್ಮವರು ಲಿವರ್, ಬೋಟಿ ತಿಂದಿದ್ದಕ್ಕೆ ಕೇರಿ ಹೊರಗೆ ಇಟ್ಟರು. ಲಿವರ್‌ನಲ್ಲಿದ್ದ ಆ ವಸ್ತುವನ್ನು ಬೇರ್ಪಡಿಸಿ ಬಿ12 ಅಂತ ಕರೆದದ್ದು 1948ರಲ್ಲಿ. ಗೋಮಾಂಸಕ್ಕೂ ಅಸ್ಪೃಶ್ಯತೆಗೂ ಇರೋ ನಂಟಿನ ಬಗ್ಗೆ ಬಾಬಾಸಾಹೇಬರು ಬರೆದ 'ದಿ ಅನ್‌ಟಚೆಬಲ್ಸ್' ಹೊರಬಂದದ್ದೂ 1948ರಲ್ಲೇ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಅಂದರು. ಅದು ಸ್ವಾಭಿಮಾನದ ಕರೆ, ಬಿಟ್ಟಿದ್ದು ಸರಿಯೇ. ಆದರೆ ಬಿಟ್ಟ ಜಾಗಕ್ಕೆ ಹಾಲು, ಮೊಟ್ಟೆ, ದುಡ್ಡು ಕೊಟ್ಟು ತರೋ ಬಾಡು ಬರಬೇಕಿತ್ತು. 1932ರಲ್ಲಿ ಸಂಡೂರು ಸಂಸ್ಥಾನ ಕುಮಾರಸ್ವಾಮಿ ಗುಡಿಯ ಬಾಗಿಲನ್ನು ನಮ್ಮವರಿಗೆ ತೆರೆಯಿತು, ಗಾಂಧೀಜಿ ಮೆಚ್ಚಿಕೊಂಡರು. ಗೌಡರ ಮನೆ ಹಾಲಿನ ಗಡಿಗೆ ಬಾಗಿಲು ತೆರೆಯೋಕೆ ಯಾವ ಆಜ್ಞೆಯೂ ಬರಲಿಲ್ಲ. ಕಡಿಮೆ ದುಡ್ಡಿಗೆ ಸಿಗ್ತಿದ್ದ ದೊಡ್ಡ ಬಾಡಿನ ಮೇಲೆ 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಬಿತ್ತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೇನೂ ಕಡಿಯೋ ಹಾಗಿಲ್ಲ. ಕೂಲಿ ಮನೆಯವರು ಕುರಿ ಬಾಡು ವಾರಕ್ಕೆ ಎಷ್ಟು ಸಲ ತರ್ತಾರೆ, ನೀವೇ ಲೆಕ್ಕ ಹಾಕಿ.

ಬಾಡು ತಿಂದರೆ ಡಿಮೆನ್ಷಿಯಾ ಬರಲ್ಲ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತೆ. ಬಿ12 ತೀರಾ ಕಡಿಮೆಯಾದರೆ ಕಾಲು ಜೋಮು ಹಿಡಿಯುತ್ತೆ, ಪಾದ ಉರಿಯುತ್ತೆ, ನಾಲಿಗೆ ಕೆಂಪಾಗಿ ನುಣುಪಾಗುತ್ತೆ, ನಡಿಗೆ ತೂರಾಡುತ್ತೆ, ಮರೆವು ಬರುತ್ತೆ. ಬೇಗ ಹಿಡಿದರೆ ಇಂಜೆಕ್ಷನ್, ಗುಳಿಗೆಯಿಂದ ಬಹಳಷ್ಟು ವಾಪಸ್ ಬರುತ್ತೆ, ತಡವಾದರೆ ನರದ ಹಾನಿ ಉಳಿದುಬಿಡುತ್ತೆ. ಆಲ್ಝೈಮರ್ಸ್ ವಿಷಯ ಬೇರೆ. 2010ರ ಆಕ್ಸ್‌ಫರ್ಡ್ ಪ್ರಯೋಗದಲ್ಲಿ ಮರೆವು ಶುರುವಾಗಿದ್ದ ಎಪ್ಪತ್ತು ದಾಟಿದವರಿಗೆ ಎರಡು ವರ್ಷ ಬಿ6, ಬಿ12, ಫೋಲಿಕ್ ಆಮ್ಲ ಕೊಟ್ಟಾಗ ಮೆದುಳು ಕುಗ್ಗೋ ವೇಗ ಸುಮಾರು ಶೇ. 30ರಷ್ಟು ಇಳಿಯಿತು. ರಕ್ತದಲ್ಲಿ ಹೋಮೋಸಿಸ್ಟೀನ್ ಹೆಚ್ಚಿದ್ದವರಿಗೆ ಲಾಭ ಇನ್ನೂ ಜಾಸ್ತಿ. ಆದರೆ ಆರೋಗ್ಯವಾಗಿರೋರಿಗೆ ಬಿ ಗುಳಿಗೆ ಕೊಟ್ಟರೆ ಡಿಮೆನ್ಷಿಯಾ ತಡೆಯುತ್ತೆ ಅಂತ ಸಾಬೀತಾಗಿಲ್ಲ. ಹಾಗಾಗಿ ಅಂಗಡಿಯವರು ಮಾರೋ ಬಣ್ಣದ ಡಬ್ಬಿಗೆ ದುಡ್ಡು ಸುರೀಬೇಡಿ. ಮರೆವಿನ ಲಕ್ಷಣ ಇದ್ದರೆ ರಕ್ತ ಪರೀಕ್ಷೆ ಕೇಳಿ.

ಕೊರತೆ ನಮ್ಮವರಿಗೆ ಮಾತ್ರ ಅಂತಲೂ ಇಲ್ಲ. ಪುಣೆಯಲ್ಲಿ ಡಾ. ಯಾಜ್ಞಿಕ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರಿಗೆ ಬಿ12 ಕಡಿಮೆ ಇತ್ತು, ನಗರದ ಮಧ್ಯಮ ವರ್ಗದವರ ಸ್ಥಿತಿ ಎಲ್ಲರಿಗಿಂತ ಕೆಟ್ಟದಾಗಿತ್ತು. ಶುದ್ಧ ಸಸ್ಯಾಹಾರದ ಹೆಮ್ಮೆಯವರ ಮೆದುಳಿಗೂ ಅದೇ ಬಿ12 ಬೇಕು. ವ್ಯತ್ಯಾಸ ಇಷ್ಟೇ: ಅವರಿಗೆ ಮರೆವು ಬಂದರೆ ನರರೋಗ ತಜ್ಞರ ಹತ್ತಿರ ಕರಕೊಂಡು ಹೋಗ್ತಾರೆ, ನಮ್ಮಲ್ಲಿ "ಬಿಡಪ್ಪ".

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆ ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ ಅಂದಾಜು ಮಾಡಿದೆ. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಜಾಸ್ತಿ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಕೊಟ್ಟ ಹದಿನಾಲ್ಕು ಅಪಾಯಗಳ ಪಟ್ಟಿಯಲ್ಲಿ ಓದು ಸಿಗದಿರೋದು, ಕಿವಿ ಕೇಳದಿರೋದು, ಬಿಪಿ, ಶುಗರ್, ಒಂಟಿತನ, ಗಾಳಿಯ ಮಾಲಿನ್ಯ ಎಲ್ಲ ಇವೆ. ಗಣಿ ಲಾರಿಗಳ ಕೆಂಪು ಧೂಳು ಕುಡಿದ ಸಂಡೂರು ತಾಲ್ಲೂಕಿನವರಿಗೆ ಆ ಪಟ್ಟಿಯನ್ನು ಬಿಡಿಸಿ ಹೇಳಬೇಕಾ?

2021ರ ಡಿಸೆಂಬರಿನಲ್ಲಿ ಬಳ್ಳಾರಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಸ್ವಾಮಿಗಳು ವಿರೋಧಿಸಿದರು, ನಾವೆಲ್ಲ ಮಕ್ಕಳ ಪರ ನಿಂತೆವು, ಗೆದ್ದೆವು. ಅದೇ ಮಕ್ಕಳ ಅಜ್ಜಿಯರಿಗೆ ಒಂದು ಮೊಟ್ಟೆ ಕೊಡಿ ಅಂತ ಯಾರೂ ಕೇಳಲಿಲ್ಲ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಊಟದಲ್ಲಿರೋ ಬಿ12 ಸರಿಯಾಗಿ ಹೀರಿಕೊಳ್ಳಲ್ಲ. ಶುಗರಿಗೆ ಕೊಡೋ ಮೆಟ್‌ಫಾರ್ಮಿನ್, ವರ್ಷಗಟ್ಟಲೆ ನುಂಗೋ ಗ್ಯಾಸಿನ ಗುಳಿಗೆ ಇನ್ನೂ ಇಳಿಸುತ್ತವೆ. ಅಂಥವರಿಗೆ ಮೊಟ್ಟೆಯೊಂದೇ ಸಾಲದು, ಗುಳಿಗೆ ಅಥವಾ ಇಂಜೆಕ್ಷನ್ ಬೇಕಾಗಬಹುದು. ಹಾಗಂತ ಶುಗರ್ ಗುಳಿಗೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಬರೀ ಫೋಲಿಕ್ ಆಮ್ಲದ ಗುಳಿಗೆಯನ್ನೂ ನೀವೇ ಕೊಡಬೇಡಿ. ಅದು ರಕ್ತಹೀನತೆಯನ್ನು ಮುಚ್ಚಿಡುತ್ತೆ, ನರ ಒಳಗೇ ಹಾಳಾಗುತ್ತೆ.

ದುಡ್ಡು ಎಲ್ಲಿಂದ ಅಂತಾರೆ. ನಮ್ಮ ಮಣ್ಣು ಅಗೆದ ದುಡ್ಡಿನ ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿದೆ. 2015ರ ಕೇಂದ್ರದ ಮಾರ್ಗಸೂಚಿಯ ಆದ್ಯತಾ ಪಟ್ಟಿಯಲ್ಲಿ ಆರೋಗ್ಯದ ಜೊತೆಗೆ ವೃದ್ಧರ ಕಲ್ಯಾಣ ಅಂತ ಬರೆದೇ ಇದೆ. ನಾವು ಕೇಳೋದು: ಗಣಿಬಾಧಿತ ಊರುಗಳಲ್ಲಿ ಅರವತ್ತು ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ ರಕ್ತದಲ್ಲಿ ಬಿ12, ಜೊತೆಗೆ ಕಿವಿ, ಬಿಪಿ, ಶುಗರ್ ಪರೀಕ್ಷೆ. ಕೊರತೆ ಕಂಡವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಇಂಜೆಕ್ಷನ್. ಪಿಂಚಣಿ ತಗೊಳ್ಳೋ ವೃದ್ಧರಿಗೆ ಅಂಗನವಾಡಿಯಿಂದಲೇ ಮೊಟ್ಟೆ, ಬೇಡ ಅಂದವರಿಗೆ ಹಾಲು. ಅರ್ಜಿ ಟೈಪ್ ಮಾಡಿಟ್ಟಿದ್ದೀನಿ. ತೋರಣಗಲ್ಲು, ಸಂಡೂರು, ಕಂಪ್ಲಿ ಕಡೆಯವರು ಊರ ಹೆಸರು ಬದಲಿಸಿಕೊಂಡರೆ ಸಾಕು, ಹೊಸಪೇಟೆಯವರು ವಿಜಯನಗರ ಜಿಲ್ಲಾಧಿಕಾರಿಗೆ ಅಂತ ತಿದ್ದಿಕೊಳ್ಳಿ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಸಹಿ ಹಾಕಿಸೋಕೆ ಹೋದಾಗ ಮನೆಯ ಹಿರಿಯರ ಹತ್ತಿರ ಹತ್ತು ನಿಮಿಷ ಕುಂತು ಹೊಲದ ವಿಷಯ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡು ಬನ್ನಿ.

ಜೈಭೀಮ್.